ಕದ್ದ ಮದುವೆ ಪದ್ಯ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕುಮಟೆಯಲ್ಲಿ ಮದುವೆ ಪದ್ಯ ಬರೆದು ಮಾರುತ್ತಿದ್ದೆ. ಆಗ ವಧೂವರರ ಹೆಸರು ಸೇರಿಸಿದ ಒಂದು ಶುಭಾಶಯದ ಪದ್ಯವನ್ನು ಗುಲಾಬಿ ಕಾಗದದಲ್ಲಿ ಅಚ್ಚು ಹಾಕಿಸಿ ಚಪ್ಪರದಲ್ಲಿ ಹಂಚುವ ರೂಢಿಯಿತ್ತು. ಊಟಕ್ಕೆ ಮೊದಲು ಯಾರಾದರೂ ಹಿರಿಯರು ಅದನ್ನು ರಾಗವಾಗಿ ಓದುತ್ತಿದ್ದರು. ಮ್ಯಾಟ್ರಿಕ್ ಮುಗಿಸಿ ಮನೆಯಲ್ಲಿದ್ದ ನನಗೆ ಪದ್ಯ ಕಟ್ಟಲು ಬರುತ್ತಿತ್ತು. ನಮ್ಮೊಡನೆಯೇ ಇದ್ದ ಸೋದರತ್ತೆಗೆ ಯಾರ ಮನೆಯಲ್ಲಿ ಯಾವಾಗ ಮದುವೆ ಎಂಬುದು ಆ ಮನೆಯವರಿಗಿಂತ ಮೊದಲೇ ಗೊತ್ತಾಗುತ್ತಿತ್ತು. ಇಬ್ಬರೂ ಸೇರಿದೆವು, ಅದೇ ಉದ್ಯೋಗವಾಯಿತು.

ಒಮ್ಮೆ ಭಟ್ಕಳದ ಹತ್ತಿರದ ಹೆಬಳೆಯಲ್ಲಿ ಅತ್ತೆಯ ನೆಂಟರ ಮದುವೆಗೆ ಹೋಗಿದ್ದೆವು. ಕೈಗೆ ಬಂದ ಗುಲಾಬಿ ಕಾಗದ ನೋಡುತ್ತೇನೆ, ಅದು ನನ್ನದೇ ಪದ್ಯ. ಧಾರೇಶ್ವರದ ಒಂದು ಮದುವೆಗೆ ಬರೆದದ್ದು. ಹೆಸರು ಮಾತ್ರ ಬದಲಾಗಿತ್ತು. ಹೊಸ ಮದುಮಗನ ಹೆಸರು ಹಳೆಯವನ ಹೆಸರಿಗಿಂತ ಮೂರಕ್ಷರ ಉದ್ದವಾಗಿದ್ದರಿಂದ ಓದುವವರು ಪ್ರತಿ ಸಲ ಅಲ್ಲಿ ಎಡವುತ್ತಿದ್ದರು. ಕದ್ದದ್ದಕ್ಕಿಂತ ಛಂದಸ್ಸು ಕೆಡಿಸಿದ್ದಕ್ಕೇ ನನಗೆ ಹೆಚ್ಚು ನೋವಾಯಿತು.

ವಿಚಾರಿಸಿದರೆ, ಭಟ್ಕಳದಲ್ಲಿ ಸ್ಟೇಷನರಿ ಅಂಗಡಿ ಇಟ್ಟುಕೊಂಡು ಲಗ್ನಪತ್ರಿಕೆ ಮಾಡಿಸಿಕೊಡುವ ಒಬ್ಬರ ಕೆಲಸ ಅದು. ಅವರೂ ನಾನೂ ಅಚ್ಚು ಹಾಕಿಸುತ್ತಿದ್ದದ್ದು ಹೊನ್ನಾವರದ ಒಂದೇ ಪ್ರೆಸ್ಸಿನಲ್ಲಿ. ಅಲ್ಲಿ ಗೋಡೆಯ ಮೊಳೆಗೆ ಸಿಕ್ಕಿಸಿದ ಹಳೆಯ ಪ್ರೂಫುಗಳಲ್ಲಿ ಚೆನ್ನಾಗಿದ್ದದ್ದನ್ನು ಆರಿಸಿ ಒಯ್ಯುತ್ತಿದ್ದರಂತೆ. ಮುಂದಿನ ಪದ್ಯದ ಕೆಳಗೆ ನಾನು 'ಇದನ್ನು ಯಾರೂ ನಕಲು ಮಾಡಕೂಡದು' ಎಂದು ಅಚ್ಚು ಹಾಕಿಸಿದೆ. ತಿಂಗಳೊಳಗೆ ಆ ಪದ್ಯವೂ ಭಟ್ಕಳದ ಕಡೆ ಕಾಣಿಸಿಕೊಂಡಿತು. ಕೆಳಗಿನ ಆ ಸಾಲನ್ನೂ ಬಿಟ್ಟಿರಲಿಲ್ಲ.

ಅತ್ತೆ ನನ್ನನ್ನು ಹೊನ್ನಾವರದ ವಕೀಲರೊಬ್ಬರ ಹತ್ತಿರ ಕರೆದೊಯ್ದಳು. ಬರೆದವರ ಹಕ್ಕಿಗೆ ಈಗ ಹೊಸ ಕಾಯ್ದೆಯೇ ಬಂದಿದೆ ಎಂದು ಅವರು ಹೇಳಿದಾಗ ನನ್ನ ಎದೆಯುಬ್ಬಿತು. ಆಮೇಲೆ ಅವರು ಕನ್ನಡಕ ಏರಿಸಿ ನನ್ನ ಪದ್ಯ ಓದಿದರು. ಚಂದಿರ, ಮಲ್ಲಿಗೆ, ಹಾಲು ಜೇನು, ಇವುಗಳಲ್ಲಿ ನಿನ್ನದು ಯಾವುದು ಎಂದು ಕೇಳಿದರು. ನಾನು ಪದ್ಯ ಮಡಚಿಕೊಂಡು ಎದ್ದೆ.

ಹಾಗಾದರೆ ನನ್ನದೆಂದು ಗೊತ್ತಾಗುವ ಗುರುತೊಂದನ್ನು ಪದ್ಯದೊಳಗೇ ಬಚ್ಚಿಡಬೇಕು ಎಂದುಕೊಂಡು ಒಂದು ವಾರ ಕೂತೆ. ಪ್ರತಿ ಸಾಲಿನ ಮೊದಲ ಅಕ್ಷರವನ್ನು ಮೇಲಿನಿಂದ ಕೆಳಕ್ಕೆ ಓದಿದರೆ 'ಇದು ಪರರ ಮಾಲು' ಎಂದಾಗಬೇಕು. ಕೊನೆಯ 'ಲು' ಪ್ರಾಣ ತಿಂದಿತು. ಎಷ್ಟು ತಡಕಿದರೂ ಲುಂಗಿಯೊಂದೇ ನೆನಪಿಗೆ ಬರುತ್ತಿತ್ತು. ಅಂತೂ ಹೀಗಾಯಿತು:

ಇಳೆಗಿಳಿದು ಬಂದಿರುವ ಚಂದಿರನೆ ವರನು
ದುಗುಡ ದೂರಾಗಿಸುವ ನಗುಮೊಗದ ವಧುವು
ಪರಿಮಳಿಸಿ ಹಬ್ಬಿರುವ ಪ್ರೇಮಲತೆ ಇವರು
ರತಿಮದನರಿಬ್ಬರೂ ನಾಚುವರು ಕಂಡು
ರಸಬಾಳೆಯಂತೆ ಸವಿಯಾಗಲೀ ಬಾಳು
ಮಾವಿನೆಲೆ ತೋರಣವೆ ಮಂಗಲವ ನುಡಿಯೆ
ಲುಪ್ತವಾಗಲಿ ಮನದ ಚಿಂತೆಗಳು ಎಲ್ಲ

ಬೇಕೆಂದೇ ಇದರಲ್ಲಿ ಯಾರ ಹೆಸರನ್ನೂ ಸೇರಿಸಲಿಲ್ಲ. ಕದಿಯುವವರಿಗೆ ಒಂದಕ್ಷರ ಬದಲಿಸುವ ಶ್ರಮವೂ ಬೇಡವೆಂದು. ಪ್ರೆಸ್ಸಿಗೆ ಹೋಗಿ ಒಂದು ಪ್ರೂಫ್ ತೆಗೆಸಿ, ನಾನೇ ಅದನ್ನು ಮೊಳೆಗೆ ಸಿಕ್ಕಿಸಿ ಬಂದೆ. ಹದಿನೈದು ದಿನದಲ್ಲಿ ಅದು ಮಾಯವಾಯಿತು. ಯಾವ ಮದುವೆಗೆ ಅಚ್ಚಾಗಿದೆ ಎಂದು ಅಕ್ಷರ ಜೋಡಿಸುವ ಅಜ್ಜ ನಮಗೆ ಗುಟ್ಟಾಗಿ ತಿಳಿಸಿದ.

ಮದುವೆ ತೆಂಗಿನಗುಂಡಿಯ ಕಡೆ. ನಮಗೆ ಆಮಂತ್ರಣವಿರಲಿಲ್ಲ. ಗಂಡಿನ ಕಡೆಯವರು ನಮ್ಮನ್ನು ಹೆಣ್ಣಿನ ಕಡೆಯವರೆಂದುಕೊಳ್ಳುತ್ತಾರೆ, ಹೆಣ್ಣಿನವರು ಗಂಡಿನ ಕಡೆಯವರೆಂದುಕೊಳ್ಳುತ್ತಾರೆ ಎಂದು ಅತ್ತೆ ಧೈರ್ಯ ಹೇಳಿದಳು. ಶರಾವತಿಯನ್ನು ಲಾಂಚಿನಲ್ಲಿ ದಾಟಿ, ಬಸ್ಸು ಹಿಡಿದು ಹೋದೆವು. ಭಟ್ಕಳದ ಆ ಅಂಗಡಿಯವರೂ ಜರಿಯಂಚಿನ ಶಲ್ಯ ಹೊದ್ದು ಮುಂದಿನ ಸಾಲಿನಲ್ಲಿಯೇ ಕೂತಿದ್ದರು.

ಪದ್ಯ ಓದಲು ಎದ್ದವರು ಮದುಮಗನ ದೊಡ್ಡಪ್ಪ, ನಿವೃತ್ತ ಹೆಡ್‌ಮಾಸ್ತರರು. ಓದಿ ಮುಗಿಸಿದವರು ಕೂರಲಿಲ್ಲ. ತಮ್ಮ ಕಾಲದಲ್ಲಿ ಇಂಥ ಪದ್ಯಗಳಲ್ಲಿ ಹೆಸರು ಅಡಗಿರುತ್ತಿತ್ತು ಎನ್ನುತ್ತ ಸಾಲುಗಳ ಮೊದಲಕ್ಷರಗಳ ಮೇಲೆ ಬೆರಳಿಟ್ಟು, ಗಟ್ಟಿಯಾಗಿ ಕೂಡಿಸಿ ಓದಿದರು. "ಇ, ದು. ಪ, ರ, ರ. ಮಾ, ಲು."

ಎಲ್ಲರೂ ಮದುಮಗಳ ಮುಖ ನೋಡಿದರು. ಆಗ ನನಗೆ ಹೊಳೆಯಿತು, ನಾನು ಎಂಥ ಅನಾಹುತ ಬರೆದಿದ್ದೇನೆಂದು. ನಾನು ಏಳುವಷ್ಟರಲ್ಲಿ ಮದುಮಗಳ ತಾಯಿ ಕಣ್ಣು ಒರೆಸಿಕೊಳ್ಳುತ್ತ ಎದ್ದು ನಿಂತಿದ್ದರು.

"ಹೌದು, ಮಗಳ ಕೊರಳಿನ ಆ ಸರ ನನ್ನ ಅಕ್ಕಂದು. ನಾಳೆ ತಿರುಗಿ ಕೊಡೂದು."

ಸರದ ವಿಷಯ ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಹೆಂಡತಿಯ ಕಡೆಯವರು ಒಪ್ಪಿಕೊಂಡ ಮೇಲೆ ತಾನು ಸುಮ್ಮನಿರಬಾರದೆಂದು ಮದುಮಗನಿಗೂ ಅನ್ನಿಸಿರಬೇಕು. ಕೈಗಡಿಯಾರ ಗೆಳೆಯನದು, ಕೋಟು ಭಾವನದು ಎಂದು ತಗ್ಗಿದ ದನಿಯಲ್ಲಿ ಹೇಳಿದ. ಕೂರಲು ಹಾಸಿದ ಕಂಬಳಿ ಯಾರ ಮನೆಯದೆಂಬ ಮಾತೂ ಬಂತು. ಇನ್ನು ತಡೆದರೆ ಚಪ್ಪರದಲ್ಲಿ ಯಾರದ್ದೂ ಸ್ವಂತದ್ದು ಉಳಿಯುವುದಿಲ್ಲವೆಂದು ಹೆದರಿ, ನಾನು ಎದ್ದು ಹೇಳಿದೆ:

"ಪರರ ಮಾಲು ಅಂದದ್ದು ಪದ್ಯಕ್ಕೆ. ಅದು ನಂದು. ಇವರು ಕದ್ದದ್ದು."

ಎಲ್ಲರೂ ಅಂಗಡಿಯವರತ್ತ ತಿರುಗಿದರು. ಅವರು ಶಲ್ಯ ಸರಿಮಾಡಿಕೊಂಡು ಶಾಂತವಾಗಿ, "ಪರರದ್ದು ಅಂತ ಅದರಲ್ಲೇ ಬರೆದಿತ್ತಲ್ಲ. ನಾನು ಮುಚ್ಚಿಟ್ಟದ್ದು ಎಂತ?" ಎಂದರು.

ಹೆಡ್‌ಮಾಸ್ತರರಿಗೆ ನಗು ತಡೆಯಲಾಗಲಿಲ್ಲ. ಅವರು ನಕ್ಕಮೇಲೆ ಚಪ್ಪರವೆಲ್ಲ ನಕ್ಕಿತು, ಮದುಮಗಳೂ ನಕ್ಕಳು. ಊಟದ ನಂತರ ಹೆಡ್‌ಮಾಸ್ತರರೇ ನನ್ನನ್ನೂ ಅಂಗಡಿಯವರನ್ನೂ ಎದುರು ಕೂರಿಸಿಕೊಂಡು ತೀರ್ಪು ಕೊಟ್ಟರು. ಭಟ್ಕಳದ ಕಡೆಯ ಮದುವೆಗಳಿಗೆ ಅಂಗಡಿಯವರು ಇನ್ನು ಮುಂದೆ ನನ್ನಿಂದಲೇ ಪದ್ಯ ಬರೆಸಬೇಕು, ಕೆಳಗೆ ನನ್ನ ಹೆಸರು ಹಾಕಬೇಕು. ಮದುಮಗಳ ತಾಯಿಯ ಕ್ಷಮೆಯನ್ನು ನಾನು ಕೇಳಬೇಕು. ಅದನ್ನು ಕೂಡಲೇ ಕೇಳಿದೆ. ಅವರು ಇನ್ನೊಂದು ಹೋಳಿಗೆ ತಂದು ಕೊಟ್ಟರು.

ಅಂಗಡಿಯವರು ಮಾತಿಗೆ ತಪ್ಪಲಿಲ್ಲ. ನಾಲ್ಕೈದು ವರ್ಷ ವಧೂವರರ ಹೆಸರು ಬರೆದ ಚೀಟಿಗಳನ್ನು ನಮಗೆ ಕಳಿಸುತ್ತಲೇ ಇದ್ದರು. ಆದರೆ ಆ ಮದುವೆಯ ಸುದ್ದಿ ಹಬ್ಬಿ, ಜನ ನನ್ನ ಪದ್ಯ ಓದುವುದನ್ನೇ ಬಿಟ್ಟರು. ಕಾಗದ ಕೈಗೆ ಬಂದದ್ದೇ ಬೆರಳಿಟ್ಟು ಎಡಬದಿಯಲ್ಲಿ ಕೆಳಗಿಳಿಯುತ್ತಿದ್ದರು. ಏನೂ ಅಡಗಿಸದೆ ಬರೆದ ಒಂದು ಪದ್ಯದಲ್ಲಿ 'ಮನೆ ಸೋರುವ' ಎಂದು ತಾನಾಗಿಯೇ ಮೂಡಿತ್ತಂತೆ. ಬೀಗರು ಹೋಗಿ ಆ ಮನೆಯ ಮಾಡಿನ ಹೆಂಚು ನೋಡಿಕೊಂಡು ಬಂದರು ಎಂದು ಅತ್ತೆ ಹೇಳಿದಳು.