ಕೇಬಲ್ ಕಿತ್ತು ಡಿಶ್ ಹಾಕಿಸಿದ ವರ್ಷ

ಪುಟ್ಟಿ, ಅಪ್ಪಿ, ನಮ್ಮ ಮನೆಯ ಕೇಬಲ್ ಕಿತ್ತು ಡಿಶ್ ಹಾಕಿಸಿದ್ದು ನಿಮಗೆ ನೆನಪಿರಬಹುದು. ಅದರಿಂದ ನನಗೇನಾಯಿತು ಎಂದು ಬಾಯಿಬಿಟ್ಟು ಹೇಳಲು ಈ ಅಜ್ಜಿಗೆ ನಾಚಿಕೆ. ಹಾಗಾಗಿ ಬರೆಯುತ್ತಿದ್ದೇನೆ.

ನಿಮ್ಮ ಅಪ್ಪ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಗೆರೆ ಎಳೆದು, ಆಚೆ ಕೇಬಲ್, ಈಚೆ ಡಿಶ್ ಎಂದು ಬರೆದ. ಕೇಬಲ್ಲಿಗೆ ತಿಂಗಳಿಗೆ ಮುನ್ನೂರು. ಡಿಶ್ಶಿನಲ್ಲಿ ಬೇಕಾದ ಚಾನೆಲ್ ಮಾತ್ರ ಆರಿಸಿಕೊಂಡರೆ ಇನ್ನೂರು ಚಿಲ್ಲರೆ, ಆದರೆ ಮೊದಲಿಗೆ ಪೆಟ್ಟಿಗೆಯ ಖರ್ಚು ಬೇರೆ. ಚಿತ್ರ ಸ್ಪಷ್ಟ. ತಪ್ಪಿದ ಧಾರಾವಾಹಿಯನ್ನು ಹಿಡಿದಿಟ್ಟುಕೊಂಡು ಆಮೇಲೆ ನೋಡಬಹುದಂತೆ.

"ಮಳಿ ಬಂದ್ರೆ ಡಿಶ್ ನಿಲ್ಲತ್ತಂಬ್ರಲೆ?" ಎಂದೆ.

"ಮಳಿ ಬಂದ್ರೆ ಕೇಬಲ್ ಮೇಲೆ ತೆಂಗಿನ್ ಮಡ್ಲ್ ಬೀಳತ್ತ್. ಹೋದ್ಸಲ ಮೂರ್ ದಿನ ಗ್ವಾಡಿ ಕಂಡ್ಕಂಡ್ ಕೂತದ್ದ್ ಮರ್ತ್ ಹೋಯ್ತಾ?"

"ಕೇಬಲ್ನವ ಕರದ್ರೆ ಬತ್ತ."

"ಬತ್ತ, ಹೌದ್. ಬಂದ್ ಚಾ ಕುಡ್ದ್, ನಾಳೆ ಬತ್ತೆ ಅಂದೇಳಿ ಹೋತ! ಅಮ್ಮ, ನಿಂಗೆ ಯಾವ್ ಚಾನೆಲ್ ಬೇಕ್ ಹೇಳ್, ಅದನ್ನೇ ಹಾಕ್ಸುವ."

"ನಂಗೆಂತ, ಯಾವ್ದಾರೂ ಅಕ್ಕ್."

ಅದು ಸುಳ್ಳು. ನನಗೆ ಬೇಕಾದದ್ದು ಕೇಬಲ್ಲಿನವರ ಊರ ಚಾನೆಲ್ ಒಂದೇ. ಅದು ಡಿಶ್ಶಿನಲ್ಲಿ ಬರುವುದಿಲ್ಲ. ನಿಮ್ಮ ಅಜ್ಜ ಹೋದ ಮೇಲೆ ನಾನು ಮದುವೆ, ಗೃಹಪ್ರವೇಶ ಎಲ್ಲ ಬಿಟ್ಟಿದ್ದೆ. ಹೋದಲ್ಲೆಲ್ಲ ಕೈ ಹಿಡಿದು ಕಣ್ಣೊರೆಸಿಕೊಳ್ಳುವವರೇ. ಆ ಚಾನೆಲ್ಲಿನಲ್ಲಿ ಮಾತ್ರ ಗಂಗೊಳ್ಳಿಯಿಂದ ಕುಂದಾಪುರದವರೆಗಿನ ಮದುವೆಗಳೆಲ್ಲ ಬರುತ್ತಿದ್ದವು; ಎಲ್ಲರ ಸೀರೆ, ಸರ, ಪಾಯಸ ಕೂತಲ್ಲೇ ಕಾಣುತ್ತಿತ್ತು. ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಆದರೆ ಊರವರ ಪಾಯಸ ನೋಡಲು ತಿಂಗಳಿಗೆ ಮುನ್ನೂರು ಕಟ್ಟು ಎಂದು ಮಗನಿಗೆ ಹೇಗೆ ಹೇಳಲಿ? ಡಿಶ್ ಬಂತು.

ಪುಟ್ಟಿ, ಅದೇ ತಿಂಗಳು ನಿನ್ನ ಶಾಲೆಯ ವಾರ್ಷಿಕೋತ್ಸವ. ಯಕ್ಷಗಾನದಲ್ಲಿ ನಿನಗೆ ರಾಜಕುಮಾರನ ವೇಷ. ಊರ ಚಾನೆಲ್ಲಿನಲ್ಲಿ ನೇರಪ್ರಸಾರ. ಜನ ಸೇರಿದಲ್ಲಿಗೆ ನಾನು ಹೋಗುವವಳಲ್ಲ. ನಿನ್ನ ಮೊದಲ ವೇಷ ನೋಡದೆ ಇರುವುದು ಹೇಗೆ? ಕಾಲುನೋವೆಂದು ಹೇಳಿ, ನಿಮ್ಮನ್ನೆಲ್ಲ ಮುಂದೆ ಕಳಿಸಿ, ಪಕ್ಕದ ಮನೆಯ ಕೇಬಲ್ಲಿನಲ್ಲಿ ನೋಡುವುದೆಂದು ಮೆಲ್ಲಗೆ ಹೋದೆ. ಆ ಮನೆಯಾಕೆ ಹೊಸ ಸೀರೆಯುಟ್ಟು ಬಾಗಿಲಿಗೆ ಬೀಗ ಹಾಕುತ್ತಿದ್ದಳು. ನಿಮ್ಮ ಕೇಬಲ್ಲಿನಲ್ಲಿ ಆಟ ನೋಡಲು ಬಂದೆ ಎಂದೆ.

"ಹ್ವಾಯ್, ಎಂತ ಕೇಬಲ್ ಅಕ್ಕ? ನಿಮ್ಮ ಮಗನೇ ಲೆಕ್ಕ ಹಾಕಿ ತೋರ್ಸಿದ್ದ್. ನಾವೂ ಡಿಶ್ ಮಾಡ್ಸಿ ವಾರ ಆಯ್ತ್! ನಾನ್ ಶಾಲಿಗೇ ಹೊರ್ಟದ್ದ್. ರಿಕ್ಷಾ ನಿಂತಿತ್, ಬನ್ನಿ ಹೋಪ."

"ಈ ಸೀರಿಯಂಗಾ?"

"ನಿಮ್ಮ ಸೀರಿ ಕಾಂಬುಕೆ ಯಾರೂ ಬತ್ತಿಲ್ಲೆ, ಹತ್ತಿ!"

ಹತ್ತಿದೆ. ಶಾಲೆಯ ಮೈದಾನದಲ್ಲಿ ಕ್ಯಾಮೆರಾದವನ ಬೆನ್ನ ಹಿಂದೆ ಜಾಗ ಹುಡುಕಿದೆ. ಅಲ್ಲಿ ಕೂತರೆ ನಾನು ಯಾರ ಟಿವಿಯಲ್ಲೂ ಬರುವುದಿಲ್ಲ ಎಂಬ ಧೈರ್ಯ. ಚೆಂಡೆ ಏರಿತು, ನೀನು ಕುಣಿಯುತ್ತ ಬಂದೆ. ನನ್ನ ಕಣ್ಣಿಗೆ ಎಷ್ಟು ಚಂದ! ಆದರೆ ಮಾತಿಗೆ ನಿಂತಾಗ ನಾಲಿಗೆ ಕಟ್ಟಿತು. ನಿನ್ನ ಕಣ್ಣು ಜನರ ಮೇಲೆ ಓಡಿತು. ಓಡಿ ಓಡಿ ನನ್ನ ಮೇಲೆ ನಿಂತಿತು.

"ನಮ್ಮಜ್ಜಿ!" ಎಂದು ರಾಜಕುಮಾರ ಮೈಕಿಗೇ ಹೇಳಿಬಿಟ್ಟ.

ಮೈದಾನ ಗೊಳ್ಳೆಂದಿತು. ಕ್ಯಾಮೆರಾ ಗರಕ್ಕನೆ ನನ್ನತ್ತ ತಿರುಗಿತು. ನಾನು ಸೆರಗನ್ನು ಮುಖಕ್ಕೆ ಮುಚ್ಚಿದೆ. ಮುಚ್ಚಿದರೆ ನೀನು ಕಾಣುವುದಿಲ್ಲವಲ್ಲ! ತೆಗೆದೆ. ನೀನು ನಕ್ಕು, ಮರೆತ ಮಾತನ್ನು ಗಟ್ಟಿಯಾಗಿ ಹೇಳಿ ಮುಗಿಸಿದೆ. ಊರೆಲ್ಲ ನನ್ನ ಹಳೆಯ ಸೀರೆಯನ್ನು ನೋಡಿದರೆ ನೋಡಲಿ ಎಂದುಕೊಂಡೆ.

ಅಜ್ಜಿ ಕಾಲುನೋವಿದ್ದರೂ ನನಗೋಸ್ಕರ ಬಂದರು ಎಂದು ನೀನು ಇಂದಿಗೂ ಹೇಳುತ್ತೀ. ಕೇಬಲ್ ಇದ್ದಿದ್ದರೆ ನಾನು ಮನೆಯಲ್ಲೇ ಕೂತಿರುತ್ತಿದ್ದೆ, ಮಗಳೇ. ಈ ಹಾಳೆಗಳನ್ನು ಕಪಾಟಿನ ಮೇಲಿನ ಅಂತಸ್ತಿನಲ್ಲಿಡಿ, ಕೆಳಗಿನದಕ್ಕೆ ಮಳೆಗಾಲದಲ್ಲಿ ತೇವ ಏರುತ್ತದೆ. ನಿಮ್ಮ ಅಪ್ಪನಿಗೆ ಮಾತ್ರ ಸಿಗದಂತೆ ಜೋಪಾನ ಮಾಡಿ. ಡಿಶ್ಶೇ ಒಳ್ಳೆಯದೆಂದು ಇನ್ನೊಮ್ಮೆ ಭಾಷಣ ಶುರುಮಾಡಿಯಾನು.