ಮೀನಿಲ್ಲದ ದಿನದ ಮಾತ್ರೆ

ಅವಳ ಬೆರಳುಗಳ ತುಂಬ ಬಿಳಿ ಗೀರುಗಳು. ಮೀನಿನ ಮುಳ್ಳು ಚುಚ್ಚಿ, ಕತ್ತಿ ತಾಗಿ ಮಾಗಿದ ಹಳೆ ಗಾಯಗಳವು. ಮರವಂತೆಯಿಂದ ಬುಟ್ಟಿ ಹೊತ್ತು ಹೆಮ್ಮಾಡಿಯ ನಮ್ಮ ಅಂಗಳಕ್ಕೆ ಬರುತ್ತಿದ್ದ ಮೀನಿನಕ್ಕ, ಬಂಗುಡೆ ಕೊಯ್ಯುತ್ತಲೇ ಊರಿನ ಸುದ್ದಿಯನ್ನೂ ಹೆಚ್ಚಿ ಹಾಕುತ್ತಿದ್ದಳು. ಚೌಕಾಸಿಗಿಳಿದರೆ, "ಕಡ್ಲಿಗ್ ಹೋಯ್ ನೀವೇ ಹಿಡ್ಕಂಬನ್ನಿ, ಅಮ್ಮ" ಎನ್ನುವಳು.

ಒಂದು ದಿನ ನಮ್ಮ ಜಗಲಿಯಲ್ಲೇ ಎದೆ ಹಿಡಿದು ಕೂತಳು. "ಒಳ್ಗೆ ಬಲಿಗ್ ಬಿದ್ದ್ ಮೀನ್ ಒದ್ದಾಡ್ದಂಗ್ ಆತ್ತ್." ಕುಂದಾಪುರದ ಡಾಕ್ಟರಲ್ಲಿಗೆ ಕರೆದೊಯ್ದೆ. ಬಡಿತ ತಾಳ ತಪ್ಪಿದೆ, ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು ಎಂದು ಅವರು ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟರು.

ಆಮೇಲೆ ಸಣ್ಣ ಮುಳ್ಳು ಚುಚ್ಚಿದರೂ ರಕ್ತ ನಿಲ್ಲದು. ರಕ್ತ ಬಿದ್ದ ಮೀನನ್ನು ಯಾರು ಕೊಂಡಾರು? ಅವಳೊಂದು ಉಪಾಯ ಹೂಡಿದಳು. ಜನ ಮೀನು ಮುಟ್ಟದ ಸೋಮವಾರ, ಶನಿವಾರಗಳಂದಷ್ಟೇ ಮಾತ್ರೆ ನುಂಗತೊಡಗಿದಳು. ಸಿಟ್ಟು ಬಂದು ಬೈದೆ. "ದೇವ್ರೇ ವಾರ್ದಗೆ ಎರ್ಡ್ ದಿನಕ್ ಸುಧಾರ್ಸ್ಕಂತ್ರ್, ಈ ಎದಿಗ್ ಸಾಕಾತಿಲ್ಯಾ?" ಎಂದಳು.

ಡಾಕ್ಟರು ಗದರಿಸಿದ ಮೇಲೆ ದಿನಾ ನುಂಗಿದಳು. ಆಗ ಹೊಟ್ಟೆಯೊಳಗೇ ರಕ್ತ ಸೋರಿತು. ಇನ್ನು ಮಾತ್ರೆ ಆಗದು, ಹೃದಯಕ್ಕೆ ಅಂಟಿಕೊಂಡ ಸಣ್ಣ ಚೀಲದಲ್ಲೇ ಹೆಚ್ಚಾಗಿ ರಕ್ತ ಹೆಪ್ಪುಗಟ್ಟುವುದು, ತೊಡೆಯ ರಕ್ತನಾಳದಿಂದ ಕೊಳವೆ ಹಾಕಿ ಅದರ ಬಾಯಿ ಮುಚ್ಚುತ್ತಾರೆ, ಮಂಗಳೂರಿಗೆ ಹೋಗಿ ಎಂದರು.

"ಮಳಿಗಾಲ್ದಗೆ ದೋಣಿ ಮ್ಯಾಲ್ ಬರ್ಲಿ, ಮತ್ ಹೋಪ" ಎಂದಳು. ಮಳೆಗಾಲಕ್ಕೆ ಮೀನುಗಾರಿಕೆ ನಿಂತು ದೋಣಿಗಳನ್ನು ದಡಕ್ಕೆಳೆದಿಟ್ಟರೆ ಅವಳಿಗೂ ಬಿಡುವು. ನನಗೆ ಹೆದರಿಕೆಯಿತ್ತು, ಆದರೆ ಅವಳ ಹಟದ ಮುಂದೆ ಯಾರ ಮಾತೂ ನಡೆಯುತ್ತಿರಲಿಲ್ಲ.

ಬೇಸಗೆಯಲ್ಲೇ, ನಮ್ಮ ಅಂಗಳದಲ್ಲಿ ಕೊಯ್ಯುತ್ತಿದ್ದ ಮೀನು ಅವಳ ಕೈಯಿಂದ ಜಾರಿತು. ಎತ್ತಲು ಹೋದರೆ ಬಲಗೈ ಏಳಲಿಲ್ಲ. ಏನೋ ಹೇಳಲು ಹೋದಳು, ಬಾಯಿ ಸೊಟ್ಟಗಾಯಿತು. ರಿಕ್ಷಾದಲ್ಲಿ ಹಾಕಿಕೊಂಡು ಕುಂದಾಪುರಕ್ಕೆ ಓಡಿದೆವು. ಜೀವ ಉಳಿಯಿತು, ಆ ಕೈ ಮರಳಿ ಬರಲಿಲ್ಲ. ಅರ್ಧ ಕೊಯ್ದ ಮೀನು ಸಂಜೆಯವರೆಗೂ ಅಂಗಳದಲ್ಲೇ ಬಿದ್ದಿತ್ತು.

ಕೆಲವು ವರ್ಷ ಕಳೆದು ನನ್ನ ಎದೆಯೂ ತಾಳ ತಪ್ಪಿತು. ನನಗೂ ಮಾತ್ರೆ ಒಗ್ಗದೆ ರಕ್ತಸ್ರಾವವಾಗಿ, ಡಾಕ್ಟರು ಅದೇ ಚೀಲ ಮುಚ್ಚುವ ಮಾತೆತ್ತಿದರು. ಮಗಳ ಬಾಣಂತನ ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದೆ. ಮರವಂತೆಗೆ ಅವಳನ್ನು ನೋಡಲು ಹೋದಾಗಲೂ ಹಾಗೆಯೇ ಹೇಳಿದೆ. ಅವಳು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು, ಒಂದೊಂದೇ ಮಾತನ್ನು ಎಳೆದೆಳೆದು ಹೊರಗೆ ಹಾಕಿದಳು. "ದೋಣಿ... ಮ್ಯಾಲ್ ಬಪ್ಪ ತನ್ಕ... ಕಾದ್ ಕೂಕಣ್ಬೇಡಿ, ಅಮ್ಮ."

ಮರುವಾರವೇ ಮಂಗಳೂರಿಗೆ ಹೋಗಿ ಆ ಚೀಲ ಮುಚ್ಚಿಸಿಕೊಂಡು ಬಂದೆ. ಆ ವರ್ಷ ದೋಣಿಗಳು ಮೇಲೆ ಬರುವ ಮೊದಲೇ ಅವಳು ತೀರಿಕೊಂಡಳು. ಅನ್ನ ಕಲಸುವಾಗ ಈಗಲೂ ನನ್ನ ಬಲಗೈಯನ್ನು ಒಂದು ಗಳಿಗೆ ನೋಡುತ್ತೇನೆ. ಇದು ಅವಳು ಉಳಿಸಿಕೊಟ್ಟ ಕೈ.