ಪಾಸ್ ಕೊಟ್ಟವನ ಹೆಸರು

ಐಸ್ ಕರಗಬಹುದಿತ್ತು. ಹೊರಗೆ ಬಹರೈನಿನ ಜೂನ್ ಬಿಸಿಲು, ಒಳಗೆ ಐಸ್ ಹಾಕಿ ಅಂಕಣದ ಮುದಿ ಕೂಲಿಂಗ್ ಯಂತ್ರ. ಅದು ನಿಂತರೆ ಆಟಗಾರರೆಲ್ಲ ಈಜಬೇಕು. ಕರೆಂಟ್ ಹೋಗಬಹುದಿತ್ತು. ಮೈಕ್ ಕೈಕೊಡಬಹುದಿತ್ತು. ಹಿಂದಿನ ದಿನ ಇಲ್ಲೇ ಗುದೈಬಿಯಾ ಬಡಾವಣೆಯ ಮದುವೆಯೊಂದರಲ್ಲಿ ಕೂಗಿದ್ದ ನನ್ನ ಗಂಟಲು ಕಟ್ಟಬಹುದಿತ್ತು. ಅವನ ತಾಯಿಯ ವಿಮಾನವೇ ತಪ್ಪಬಹುದಿತ್ತು. ಇಷ್ಟನ್ನೂ ಯೋಚಿಸಿ ಯೋಚಿಸಿ ಬೆಳಿಗ್ಗೆಯೇ ಎದೆಯುರಿಯ ಮಾತ್ರೆ ನುಂಗಿದ್ದೆ. ಒಂದೂ ಆಗಲಿಲ್ಲ.

ಅವನೆಂದರೆ ಇಲ್ಲಿಯ ಐಸ್ ಹಾಕಿ ತಂಡದ ಆಟಗಾರ, ಮಕ್ಕಳ ಕೋಚ್. ಹಿಮದ ದೇಶದವನು. ಸಣ್ಣಪುಟ್ಟ ವೃತ್ತಿಪರ ತಂಡಗಳಲ್ಲಿ ಅರ್ಧ ಆಯುಷ್ಯ ಸವೆಸಿದ್ದ. ಗೋಲ್ ಹೊಡೆಯುವವನಲ್ಲ, ಪಾಸ್ ಕೊಟ್ಟು ಹೊಡೆಸುವವನು. ತಂಡಗಳು ಹೊಡೆದವನನ್ನು ಉಳಿಸಿಕೊಂಡು ಇವನ ಕೈಕುಲುಕಿ ಕಳುಹಿಸುತ್ತಿದ್ದವು. ಪತ್ರಿಕೆಯ ಫೋಟೊಗಳಲ್ಲಿ ತನ್ನ ಮೊಣಕೈ ಮಾತ್ರ ಬರುತ್ತಿತ್ತು ಎಂದು ನಗುತ್ತ ಹೇಳುತ್ತಿದ್ದ. ಅವನು ನಕ್ಕಷ್ಟೂ ಅವನ ಪರವಾಗಿ ನನಗೆ ಮೈ ಉರಿಯುತ್ತಿತ್ತು.

ನನಗೂ ಐಸಿಗೂ ಇರುವ ಸಂಬಂಧ ಫ್ರಿಜ್ಜಿನ ಟ್ರೇಯಷ್ಟು. ನಮ್ಮ ಮಂಗಳೂರು ಕಡೆಯವರ ಮದುವೆಗಳಲ್ಲಿ ಮೈಕ್ ಹಿಡಿದು, ಮದುಮಕ್ಕಳಿಗೆ ಶುಭ ಕೋರಿ ಟೋಸ್ಟ್ ಹೇಳುವ ಎಂಸಿ, ಅಂದರೆ ನಿರೂಪಕ, ನಾನು. ಗಂಟಲು ದೊಡ್ಡದೆಂದು ಇಲ್ಲಿಯೂ ಆಟದ ಮೈಕಿನ ಮುಂದೆ ಕೂರಿಸಿದ್ದರು. ಈ ಆಟದಲ್ಲಿ ಒಂದು ಕ್ರಮವಿದೆ: ಗೋಲ್ ಹೊಡೆದವನ ಹೆಸರಿನ ಹಿಂದೆಯೇ ಅದಕ್ಕೆ ಪಾಸ್ ಕೊಟ್ಟವನ ಹೆಸರನ್ನೂ ಓದಬೇಕು.

ಆ ದಿನ ಅವನ ಕೊನೆಯ ಆಟ. ಮರುದಿನ ಊರಿಗೆ ಹೊರಡುವವನಿದ್ದ. ಕರೆದೊಯ್ಯಲು ಬಂದ ತಾಯಿ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಕಣ್ಣು ಮಂಜು, ಐಸಿನ ಮೇಲೆ ಯಾರು ಯಾರೆಂದು ಕಾಣುವುದಿಲ್ಲ. “ನೀನು ಹೆಸರು ಹೇಳು. ಅಮ್ಮನಿಗೆ ಗೊತ್ತಾಗಲಿ,” ಎಂದಿದ್ದ. ಇಷ್ಟು ವರ್ಷದಲ್ಲಿ ಅವನು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಮೊದಲ ಗೋಲ್ ಅವನ ಪಾಸಿನಿಂದಲೇ ಬಂತು. ಹೊಡೆದವನ ಹೆಸರು ಹೇಳಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಪ್ರಾಯೋಜಕರ ಜಾಹೀರಾತಿನ ಹಾಡು ಅಬ್ಬರಿಸಿತು. ಎರಡನೆಯದಕ್ಕೂ ಅದೇ ಗತಿ. ಪ್ರಾಯೋಜಕರು ನಮ್ಮ ಮಂಗಳೂರಿನವರೇ, ಇಲ್ಲೇ ಹೂರಾ ಬಡಾವಣೆಯಲ್ಲಿ ಅಂಗಡಿ. ಪಕ್ಕದಲ್ಲೇ ಕುಳಿತು ಹಾಡಿನ ಗುಂಡಿ ಒತ್ತುತ್ತಿದ್ದರು.

“ಸ್ವಲ್ಪ ನಿಲ್ಲಿ ಮಾರಾಯ್ರೇ, ಪಾಸ್ ಕೊಟ್ಟವನ ಹೆಸರುಂಟು.”

“ಹೊಡೆದವನದ್ದು ಹೇಳಿದ್ರಲ್ಲ, ಸಾಕು. ಇದೆಂತ ಮದುವೆ ಕಾಗದವಾ, ಅತ್ತೆ ಮಾವ ಎಲ್ಲರ ಹೆಸರು ಹಾಕ್ಲಿಕ್ಕೆ?”

“ಪಾಸ್ ಕೊಡದೆ ಗೋಲ್ ಎಂತ ಆಕಾಶದಿಂದ ಬೀಳ್ತದಾ?”

“ದುಡ್ಡು ಕೊಟ್ಟದ್ದು ನಾನು. ನಿಮ್ಗೆ ಯಾಕೆ ಇಷ್ಟು ಉರಿ?”

ನಾನು ಮೈಕನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ. ಕಚೇರಿಯಲ್ಲಿ ಬಾಸ್ ಕೆಮ್ಮಿದರೂ ಕೆಲಸ ಹೋಯಿತೆಂದು ಬೆವರುವವನು ನಾನು. ಅವನ ಪಾಸಿನಿಂದಲೇ ಮೂರನೆಯ ಗೋಲ್ ಬಿದ್ದಾಗ ಏನಾಯಿತೋ, ಅವರು ಗುಂಡಿ ಒತ್ತುವ ಮೊದಲೇ ಬಗ್ಗಿ ಹಾಡಿನ ವೈರನ್ನೇ ಕಿತ್ತೆ. “ಓಯ್! ತಲೆ ಸಮ ಉಂಟಾ ನಿಮ್ಗೆ?” ಎಂದು ಅವರು ಎದ್ದು ನಿಂತರು. ಪಾಸ್ ಕೊಟ್ಟವನ ಹೆಸರನ್ನು, ಯಾವ ಮದುಮಗನ ಹೆಸರನ್ನೂ ಕೂಗದಷ್ಟು ದೊಡ್ಡದಾಗಿ ಕೂಗಿದೆ. ಗೋಡೆಗಳು ಅದನ್ನು ಮತ್ತೊಮ್ಮೆ ಹೇಳಿದವು. ಅವನು ತಿರುಗಿ, ಮುಂದಿನ ಸಾಲಿನತ್ತ ತನ್ನ ಆಟದ ಕೋಲನ್ನು ಎತ್ತಿದ.

ಅಲ್ಲಿ ತಾಯಿಯ ಕುರ್ಚಿ ಖಾಲಿ. ಮರಳುಗಾಡಿಗೆಂದು ಬರೀ ತೆಳು ಹತ್ತಿ ಬಟ್ಟೆ ತುಂಬಿಕೊಂಡು ಬಂದಿದ್ದ ಆ ಹಿಮದ ದೇಶದ ಹೆಂಗಸು, ಎರಡನೆಯ ಹಾಡು ಮುಗಿಯುವ ಮೊದಲೇ ಚಳಿ ತಡೆಯಲಾರದೆ, ಮೈ ಬೆಚ್ಚಗೆ ಮಾಡಿಕೊಳ್ಳಲು ಹೊರಗೆ ಬಿಸಿಲಿಗೆ ಹೋಗಿದ್ದರು.